ನೋಟಕ್ಕೆ ಕಾಡು, ಯೋಧನಿಗೆ ಕಮರಿ?

ಓದುಗರ ಪತ್ರ (ಸಂಕ್ಷಿಪ್ತವಾಗಿ): "ನಾನು ಸೋಮವಾರಪೇಟೆ ಕಡೆಯವನು, ನಿವೃತ್ತ ಸುಬೇದಾರ. ಮಗಳು-ಅಳಿಯ ನ್ಯೂಜಿಲೆಂಡಿನಲ್ಲಿದ್ದಾರೆ. ಕಳೆದ ಜನವರಿಯಲ್ಲಿ ಹೋಗಿದ್ದಾಗ ವಾಂಗನೂಯಿ ನದಿಯಲ್ಲಿ ಜೆಟ್ ಬೋಟ್ ಹತ್ತಿಸಿದರು. ಎರಡೂ ದಡದಲ್ಲಿ ದಟ್ಟ ಕಾಡು. ನೋಟ ಕೆಡಬಾರದೆಂದು ನೂರು ವರ್ಷಕ್ಕೂ ಹಿಂದೆ ಸರ್ಕಾರ ಮೀಸಲಿಟ್ಟದ್ದಂತೆ. ಇಳಿದು ನಡೆದರೆ ಕಾಡಿನ ಮಧ್ಯೆ ದೊಡ್ಡ ಕಾಂಕ್ರೀಟ್ ಸೇತುವೆ, ಆದರೆ ಅದಕ್ಕೆ ರಸ್ತೆಯೇ ಇಲ್ಲ! ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಅಲ್ಲಿ ಜಮೀನು ಕೊಟ್ಟಿದ್ದರಂತೆ. ನದಿ ಬದಿಯ ಒಳ್ಳೆ ಜಾಗವನ್ನು ಪ್ರವಾಸಿಗರ ಕಣ್ಣಿಗೆ ಇಟ್ಟುಕೊಂಡು ಸೈನಿಕನನ್ನು ಕಮರಿಗೆ ಅಟ್ಟಿದ್ದು ಮೋಸವಲ್ಲವೇ? ನಾನೂ ಮಾಜಿ ಸೈನಿಕರ ಕೋಟಾದಲ್ಲಿ ಪೈಸಾರಿ (ಸರ್ಕಾರದ ಖಾಲಿ) ಜಾಗಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದೆ. ಈಗ ಅದು ಅರಣ್ಯ ಎನ್ನುತ್ತಿದ್ದಾರೆ. ಎಲ್ಲ ದೇಶದಲ್ಲೂ ಇದೇ ಕಥೆಯೇ?"

ಸಂಪಾದಕರ ಉತ್ತರ:

ಮಾನ್ಯ ಸುಬೇದಾರರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ತಾಗಬೇಕಾದಲ್ಲಿ ತಾಗಿಲ್ಲ ಎಂದು ನನಗನಿಸುತ್ತದೆ. ನೀವು ಬೋಟಿನಿಂದ ಕಂಡ ದಡ ಒಳ್ಳೆ ಜಾಗವೇನಲ್ಲ. ಹೆಚ್ಚಿನ ಕಡೆ ಅದು ಕಡಿದಾದ ಮೆದುಕಲ್ಲಿನ ಗೋಡೆ. ನೇಗಿಲಿಗೂ ಸಿಗದು, ಕುರಿಗೂ ಎಟುಕದು. ಅಲ್ಲಿ ಸೈನಿಕನನ್ನು ಕೂರಿಸಿದ್ದರೆ ಅವನ ಪಾಡು ಕಮರಿಗಿಂತ ಕಡೆಯಾಗುತ್ತಿತ್ತು. ನೋಟವೂ ಯೋಧನೂ ಒಂದೇ ಜಾಗಕ್ಕೆ ಪೈಪೋಟಿ ನಡೆಸಿದರೆಂಬ ಊಹೆಯನ್ನು ಮೊದಲು ಪಕ್ಕಕ್ಕಿಡೋಣ.

ಆ ನದಿಯ ಚೆಲುವು ಸರ್ಕಾರಕ್ಕೆ ಕಂಡದ್ದು ಹಡಗಿನ ಟಿಕೆಟ್ಟಿನ ಮೂಲಕ. ಅಲೆಕ್ಸಾಂಡರ್ ಹ್ಯಾಟ್ರಿಕ್ ಎಂಬ ವ್ಯಾಪಾರಿ 1890ರ ದಶಕದ ಆರಂಭದಲ್ಲಿ ಅಲ್ಲಿ ಸ್ಟೀಮರ್ ಓಡಿಸತೊಡಗಿದ. ಜರ್ಮನಿಯ ಹೆಸರಾಂತ ನದಿಗೆ ಹೋಲಿಸಿ 'ನ್ಯೂಜಿಲೆಂಡಿನ ರೈನ್' ಎಂದ ಜಾಹೀರಾತು ಯುರೋಪಿನವರೆಗೂ ಹೋಯಿತು. ಹಡಗಿನ ದಾರಿ ಸುಗಮವಾಗಿರಲಿ, ದಡದ ಅಂದವೂ ಉಳಿಯಲಿ ಎಂದು 1891ರಲ್ಲೇ ಕಾಯ್ದೆ ಮಾಡಿ ನದಿಗೊಂದು ಟ್ರಸ್ಟ್ ನೇಮಿಸಿದ್ದರು. 1901ರಲ್ಲಿ ಆ ದೇಶ ಪ್ರವಾಸೋದ್ಯಮಕ್ಕೇ ಸರ್ಕಾರಿ ಇಲಾಖೆ ತೆರೆಯಿತು. ಜಗತ್ತಿನಲ್ಲಿ ಅಂಥ ಇಲಾಖೆ ಅದೇ ಮೊದಲು. ಎರಡು ವರ್ಷ ಕಳೆದು, ಸೆಡನ್ ಪ್ರಧಾನಿಯಾಗಿದ್ದಾಗ, ಪ್ರಕೃತಿದೃಶ್ಯ ಸಂರಕ್ಷಣಾ ಕಾಯ್ದೆ ಬಂತು. ನೋಟ ಚೆನ್ನಾಗಿರುವ ಜಾಗ, ಬಿಸಿನೀರಿನ ಬುಗ್ಗೆ, ಇತಿಹಾಸದ ಗುರುತಿರುವ ನೆಲ ಇವನ್ನೆಲ್ಲ ಹುಡುಕಿ ಪಟ್ಟಿ ಮಾಡಲು ಒಂದು ಆಯೋಗ. ಅಧ್ಯಕ್ಷ ಪರ್ಸಿ ಸ್ಮಿತ್, ಸರ್ವೇಯರ್ ಜನರಲ್ ಹುದ್ದೆಯಿಂದ ನಿವೃತ್ತರಾದವರು. 1906ರಲ್ಲಿ ಆಯೋಗವನ್ನು ಮುಚ್ಚಿ ಮಂಡಳಿ ಮಾಡಿದರು. ಅದರಲ್ಲಿ ಹಾಲಿ ಸರ್ವೇಯರ್ ಜನರಲ್, ಪ್ರವಾಸೋದ್ಯಮ ಇಲಾಖೆಯ ಮುಖ್ಯಸ್ಥ ಮತ್ತು ಆಯಾ ಜಿಲ್ಲೆಯ ಸರ್ಕಾರಿ ಭೂಮಿಯ ಕಮಿಷನರ್ ಇದ್ದರು. ಈ ಕಮಿಷನರರ ಹುದ್ದೆಯನ್ನು ನೆನಪಿಟ್ಟುಕೊಳ್ಳಿ, ಸೈನಿಕರ ಕಥೆಯಲ್ಲೂ ಬರುತ್ತದೆ.

ಆಯೋಗದ ಸದಸ್ಯರಲ್ಲಿ ಆ ದೇಶದ ಮೂಲನಿವಾಸಿಗಳಾದ ಮಾವೊರಿಗಳ ಮುಖಂಡರೊಬ್ಬರಿದ್ದರು, ಮೇಜರ್ ತುನುಇಯಾರಂಗಿ. ಈ ಮನುಷ್ಯನ ವಿಚಾರ ಸ್ವಲ್ಪ ಹೇಳಲೇಬೇಕು. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಮಾವೊರಿ ತುಕಡಿಯೊಂದಿಗೆ ಲಂಡನ್ನಿಗೆ ಹೋದವರು ಮೆರವಣಿಗೆ ಮುಗಿಸಿ ಸುಮ್ಮನೆ ಬರಲಿಲ್ಲ. ತಮ್ಮ ಜನರ ಕೈಯಲ್ಲಿ ಉಳಿದಿರುವ ಭೂಮಿಯನ್ನಾದರೂ ಅವರಿಗೇ ಶಾಶ್ವತವಾಗಿ ಮೀಸಲಿಡಿ ಎಂದು ಮನವಿ ಕೊಟ್ಟು ಬಂದರು. ಹಾಗೆ ಕೇಳಿದವರನ್ನೇ ಆರೇಳು ವರ್ಷದೊಳಗೆ ನೋಟಕ್ಕಾಗಿ ಭೂಮಿ ಮೀಸಲಿಡುವ ಆಯೋಗದಲ್ಲಿ ಕೂರಿಸಿದರು. ಅವರು ಅಲ್ಲಿ ಏನೇನು ನುಂಗಿಕೊಂಡರೋ. ಕಾಯ್ದೆಯಲ್ಲಿ ಕಡ್ಡಾಯ ಸ್ವಾಧೀನದ ಅಧಿಕಾರವಿತ್ತು, ಮತ್ತು ವಾಂಗನೂಯಿ ದಡದಲ್ಲಿ ಮೀಸಲಾದ ನೆಲದಲ್ಲಿ ಗಣನೀಯ ಪಾಲು ಮಾವೊರಿ ಕುಲಗಳದ್ದೇ. ಎದುರಿನ ಬೆಟ್ಟದಲ್ಲಿ ಬಿಳಿಯ ರೈತ ಕಾಡು ಕಡಿದು ಹುಲ್ಲು ಬಿತ್ತಿದರೆ 'ಅಭಿವೃದ್ಧಿ'. ಮಾವೊರಿ ಒಡೆಯರು ಕಡಿಯದೆ ಉಳಿಸಿಕೊಂಡ ಕಾಡು ಮಾತ್ರ 'ರಾಷ್ಟ್ರದ ನೋಟ'. ಉಳಿಸಿಕೊಂಡದ್ದೇ ಕಳೆದುಕೊಳ್ಳಲು ಕಾರಣವಾಯಿತು.

ಈಗ ನಿಮ್ಮ ಸೈನಿಕರಿಗೆ ಬರೋಣ. ಯುದ್ಧ ನಡೆಯುತ್ತಿರುವಾಗಲೇ, 1915ರಲ್ಲಿ, ಬಿಡುಗಡೆಯಾದ ಸೈನಿಕರ ನೆಲೆಗೊಳಿಸುವಿಕೆಯ ಕಾಯ್ದೆ ಬಂತು. ಹನ್ನೊಂದು ಲಕ್ಷದಷ್ಟು ಜನರಿದ್ದ ದೇಶದಿಂದ ಸುಮಾರು ಒಂದು ಲಕ್ಷ ಮಂದಿ ಸಮುದ್ರ ದಾಟಿ ಹೋಗಿದ್ದರು. ಮರಳಿದವರಿಗೆ ಕೊಡಲು ಸರ್ಕಾರಿ ಭೂಮಿಯನ್ನು ತುಂಡು ಮಾಡಿ ಲಾಟರಿ ಎತ್ತುತ್ತಿದ್ದರು. ಅದು ಸಾಲದೆ ಬಂದಾಗ ಖಾಸಗಿ ಎಸ್ಟೇಟುಗಳನ್ನು ಕೊಂಡು ಒಡೆದರು, ಸ್ವಂತವಾಗಿ ಜಮೀನು ಕೊಳ್ಳುವವರಿಗೂ ಸಾಲ ಕೊಟ್ಟರು. ಬ್ರಿಟನ್ ಇಡೀ ದೇಶದ ಉಣ್ಣೆ, ಮಾಂಸ, ಬೆಣ್ಣೆಯನ್ನು ನಿಗದಿ ದರಕ್ಕೆ ಕೊಳ್ಳುತ್ತಿದ್ದ ಕಾಲ. ಭೂಮಿಯ ಬೆಲೆ ಆಕಾಶಕ್ಕೇರಿತ್ತು. ಸೈನಿಕ ಆ ಏರಿದ ಬೆಲೆಗೇ ಸಾಲಗಾರನಾದ. 1920-21ರಲ್ಲಿ ಆ ಖರೀದಿ ನಿಂತಿತು, ದರ ಕುಸಿಯಿತು, ಸಾಲ ಮಾತ್ರ ಇದ್ದಲ್ಲೇ ಇತ್ತು. ನೀವು 'ಮೋಸ' ಎನ್ನುವುದಕ್ಕೆ ಹತ್ತಿರದ್ದು ಏನಾದರೂ ಇದ್ದರೆ ಇದು. ಆದರೂ ಬೇಕೆಂದೇ ಮಾಡಿದ್ದು ಎನ್ನಲಾರೆ. 1923ರಲ್ಲಿ ಮರುಮೌಲ್ಯಮಾಪನ ಮಂಡಳಿ ಮಾಡಿ ಸಾಲವನ್ನೂ ಗುತ್ತಿಗೆಯನ್ನೂ ಇಳಿಸಿದರು. ಹೀಗಾಗಿ ಬಯಲು ಸೀಮೆಯಲ್ಲಿ ಜಮೀನು ಸಿಕ್ಕ ಎಷ್ಟೋ ಮಂದಿ ಉಳಿದುಕೊಂಡರು. 'ಸೈನಿಕರ ಜಮೀನೆಲ್ಲ ಹಾಳು ಬಿತ್ತು' ಎಂದು ಪ್ರವಾಸಿ ಗೈಡುಗಳು ಹೇಳುವುದು ಪೂರ್ತಿ ನಿಜವಲ್ಲ. ಪಕ್ಕದ ಆಸ್ಟ್ರೇಲಿಯಾದಲ್ಲಿ ಇದೇ ಯೋಜನೆ ಇನ್ನೂ ದೊಡ್ಡದಾಗಿ ನಡೆದು ದೊಡ್ಡದಾಗಿಯೇ ಮುಗ್ಗರಿಸಿತು. 1929ರಲ್ಲಿ ನ್ಯಾಯಮೂರ್ತಿ ಪೈಕ್ ಎರಡು ಕೋಟಿ ಪೌಂಡಿಗೂ ಮಿಕ್ಕ ನಷ್ಟವನ್ನು ಲೆಕ್ಕ ಹಾಕಿ ಕೊಟ್ಟರು. ಕೈಯಲ್ಲಿ ಬಂಡವಾಳವಿಲ್ಲದಿರುವುದು, ಸಾಲದಷ್ಟು ಚಿಕ್ಕ ಹಿಡುವಳಿ, ಬೇಸಾಯಕ್ಕೆ ಒಗ್ಗದ ಜನ, ಕುಸಿದ ದರ ಎಂದು ಅವರು ಕೊಟ್ಟ ಕಾರಣಗಳನ್ನು ಓದಿದರೆ ಯಾವುದೂ ಊಹಿಸಲಾಗದ್ದಲ್ಲ ಎನಿಸುತ್ತದೆ.

ನೀವು ನಿಂತದ್ದು ಮಂಗಪುರುವಾ ಕಣಿವೆಯಲ್ಲಿ. ಅಲ್ಲಿನದು ಬೇರೆಯದೇ ಪಾಡು. ಯುದ್ಧ ಮುಗಿಯುವ ಹೊತ್ತಿಗೆ ಸೈನಿಕರು ಬಂದು ಬೀಡು ಬಿಟ್ಟರು; ಏರಿಕೆಯ ದಿನಗಳಲ್ಲಿ ಮೂವತ್ತು-ನಲವತ್ತು ಮನೆಗಳಾದವು, ಶಾಲೆಯೂ ಬಂತು. ಮಾಡಿದ ಬೇಸಾಯ ಆ ಕಾಲದ ಬೆಟ್ಟಸೀಮೆಯ ಪದ್ಧತಿಯದೇ: ಮರ ಕಡಿದು ಬಿಡುವುದು, ಬೇಸಿಗೆಯ ಕೊನೆಗೆ ಬೆಂಕಿ ಹಾಕುವುದು, ಬೂದಿಯ ಮೇಲೆ ಹುಲ್ಲಿನ ಬೀಜ ಎರಚಿ ಕುರಿ, ದನ ಬಿಡುವುದು. ಮೊದಲ ಕೆಲವು ವರ್ಷ ಬೂದಿಯ ಸತ್ವಕ್ಕೆ ಹುಲ್ಲು ಮೊಣಕಾಲುದ್ದ ಬರುತ್ತದೆ. ಆಮೇಲೆ ಸತ್ವ ಇಳಿಯುತ್ತದೆ, ಜರಿಗಿಡ ಮತ್ತು ಮಾನುಕಾ ಪೊದೆ ಮರಳಿ ನುಗ್ಗುತ್ತವೆ. ನಮ್ಮ ಮಲೆನಾಡಿನ ಕುಮರಿಯವರು ಇದನ್ನು ಬಲ್ಲವರು. ಎರಡು ಮೂರು ಬೆಳೆಯಾದ ಮೇಲೆ ಜಾಗ ಬದಲಿಸಿ ಕಾಡಿಗೆ ಅದರ ಪಾಡಿಗೆ ಬಿಡುತ್ತಿದ್ದರು. ಮಂಗಪುರುವಾದ ಸೈನಿಕನಿಗೆ ಬದಲಿಸಲು ಜಾಗ ಎಲ್ಲಿ? ಅವನ ಹೆಸರಿಗೆ ಲಾಟರಿಯಲ್ಲಿ ಬಂದದ್ದು ಒಂದೇ ತುಂಡು, ಮೇಲೆ ಸರ್ಕಾರದ ಕಂತು. ಬೇರು ಸತ್ತ ಇಳಿಜಾರು ಮಳೆಗೆ ಜಾರತೊಡಗಿತು. ನೆನೆದರೆ ಸೋಪಿನಂತಾಗುವ ಕಲ್ಲದು. ಬೇಲಿ ಹೋಯಿತು, ರಸ್ತೆ ಹೋಯಿತು, ತೆಗೆದು ಮಾಡಿದರೆ ಮರುವರ್ಷ ಮತ್ತೆ ಹೋಯಿತು.

ಇಲ್ಲಿ ನೀವು ಗಮನಿಸಬೇಕಾದ್ದೊಂದಿದೆ. ನಂಬುವಂಥ ರಸ್ತೆ ಇಲ್ಲದ ಆ ಕಣಿವೆಗೆ ಸಾಮಾನು ಬರುತ್ತಿದ್ದುದೂ, ಉಣ್ಣೆ ಹೊರಗೆ ಹೋಗುತ್ತಿದ್ದುದೂ ನದಿಯ ಸ್ಟೀಮರಿನಲ್ಲಿ. ಅಂದರೆ ನೋಟ ನೋಡುವವರಿಗಾಗಿ ಓಡುತ್ತಿದ್ದ ಹಡಗೇ ಸೈನಿಕನ ಜೀವನಾಡಿ. ಪ್ರವಾಸಿ ಅವನ ವೈರಿಯಾಗಿರಲಿಲ್ಲ. ಅವನಿಗೆ ಬೇಕಿದ್ದದ್ದು ರಸ್ತೆ. ನದಿಯ ಕಡೆಯಿಂದ ಬರಲು 1919ರಲ್ಲಿ ಹಳ್ಳಕ್ಕೆ ಮರದ ತೂಗುಸೇತುವೆ ಹಾಕಿದ್ದರು. ನೀವು ನೋಡಿದ ಕಾಂಕ್ರೀಟ್ ಸೇತುವೆ ಮುಗಿದದ್ದು 1936ರಲ್ಲಿ, ಹಳ್ಳದಿಂದ ಸುಮಾರು ನಲವತ್ತು ಮೀಟರ್ ಎತ್ತರಕ್ಕೆ. ಅಷ್ಟರಲ್ಲಿ ಹೆಚ್ಚಿನವರು ಗಂಟುಮೂಟೆ ಕಟ್ಟಿ ಹೋಗಿ ಆಗಿತ್ತು. ಒಬ್ಬ ಮಂತ್ರಿಯಾಗಲಿ ಎಂಜಿನಿಯರಾಗಲಿ 'ಇನ್ನು ಯಾರಿಗಾಗಿ ಕಟ್ಟುತ್ತಿದ್ದೇವೆ' ಎಂದು ಕೇಳಿ ಕೆಲಸ ನಿಲ್ಲಿಸಲಿಲ್ಲ. ಒಮ್ಮೆ ಮಂಜೂರಾದ ಕಾಮಗಾರಿ ನಿಲ್ಲುವುದಿಲ್ಲವೆಂಬುದು ನಮಗೆ ಹೊಸತಲ್ಲವಲ್ಲ! 1942ರ ನೆರೆಗೆ ರಸ್ತೆ ಕೊಚ್ಚಿಹೋದಾಗ, ಉಳಿದಿದ್ದ ಮೂರು ಮನೆಗಳಿಗಾಗಿ ಇನ್ನು ದುಡ್ಡು ಹಾಕಲಾರೆವು ಎಂದು ಸರ್ಕಾರ ಕೈಯೆತ್ತಿ ಕಣಿವೆಯನ್ನೇ ಮುಚ್ಚಿತು.

1986ರಲ್ಲಿ ವಾಂಗನೂಯಿ ರಾಷ್ಟ್ರೀಯ ಉದ್ಯಾನವಾದಾಗ ಮಂಗಪುರುವಾವೂ ಅದರೊಳಕ್ಕೆ ಸೇರಿತು. ಸೈನಿಕನ ಸೋಲೂ ಈಗ ಟಿಕೆಟ್ ಕೊಟ್ಟು ನೋಡುವ ನೋಟ. ಬೋಟಿನವರೂ ಸೈಕಲ್ಲಿನವರೂ ಆ ಸೇತುವೆಗೇ ಬರುತ್ತಾರೆ.

ಹಾಗಾದರೆ ಅನ್ಯಾಯವಾದದ್ದು ಯಾರಿಗೆ ಎಂದು ನೀವು ಕೇಳಬಹುದು. ಅದಕ್ಕೆ 1915ಕ್ಕಿಂತ ಹಿಂದೆ ಹೋಗಬೇಕು. ಆ ದೇಶದಲ್ಲಿ ಸೈನಿಕರಿಗೆ ಭೂಮಿ ಕೊಟ್ಟದ್ದು ಅದೇ ಮೊದಲಲ್ಲ. 1863ರಲ್ಲಿ ವೈಕಾಟೊ ಸೀಮೆಯ ಮಾವೊರಿಗಳ ಮೇಲೆ ಯುದ್ಧ ಸಾರಿದ ಸರ್ಕಾರ, 'ದಂಗೆಕೋರ'ರೆಂದು ಕರೆದವರ ನೆಲವನ್ನು ಮುಟ್ಟುಗೋಲು ಹಾಕಲು ಅದೇ ವರ್ಷ ಕಾಯ್ದೆ ಮಾಡಿತು. ವೈಕಾಟೊ ಒಂದರಲ್ಲೇ ಹನ್ನೆರಡು ಲಕ್ಷ ಎಕರೆ. ಅದರಲ್ಲಿ ಒಂದು ಪಾಲು ಜಮೀನಿನ ಭರವಸೆ ಕೊಟ್ಟು ಸೇರಿಸಿಕೊಂಡ ಸೈನಿಕರಿಗೆ ಹೋಯಿತು. ಸಾಮಾನ್ಯ ಸಿಪಾಯಿಗೆ ಐವತ್ತು ಎಕರೆ, ಜೊತೆಗೆ ಪೇಟೆಯಲ್ಲೊಂದು ನಿವೇಶನ. ಐವತ್ತು ವರ್ಷ ಕಳೆದು, 1917ರಲ್ಲಿ, ಕಡ್ಡಾಯ ಸೇನಾಭರ್ತಿಯನ್ನು ಮಾವೊರಿಗಳ ಮೇಲೆ ಹೇರಿದಾಗ ಅದನ್ನು ಪ್ರಯೋಗಿಸಿದ್ದು ಆ ಸೀಮೆಯವರ ಮೇಲೆಯೇ. ಅಲ್ಲಿನ ಮಾವೊರಿ ರಾಜಮನೆತನದ ತೆ ಪುಇಯಾ ಎಂಬ ಹೆಣ್ಣುಮಗಳು ನಿಂತು ವಿರೋಧಿಸಿದಳು. ನಮ್ಮ ನೆಲ ಕಸಿದವರಿಗಾಗಿ ನಮ್ಮ ಹುಡುಗರು ಯಾಕೆ ಸಾಯಬೇಕು ಎಂಬುದು ಅವರ ವಾದ. ಜೈಲಿಗೆ ಹೋದವರು ಹೋದರು. ಇತರ ಸೀಮೆಗಳ ಮಾವೊರಿಗಳು ಸ್ವಇಚ್ಛೆಯಿಂದ ಟರ್ಕಿಯ ಗಲಿಪೊಲಿಗೂ ಫ್ರಾನ್ಸಿಗೂ ಹೋಗಿ ಹೋರಾಡಿದರು. ಮರಳಿದ ಮೇಲೆ ಜಮೀನಿನ ಯೋಜನೆಯಲ್ಲಿ ಅವರಿಗೆ ದಕ್ಕಿದ್ದು ತೀರ ಅಲ್ಪ.

ನೀವು 'ಪ್ರವಾಸಿಗರ ಪಾಲು, ಸೈನಿಕರ ಪಾಲು' ಎಂದು ಎರಡು ಕಡೆ ಮಾಡಿದ್ದೀರಿ. ಆ ಎರಡೂ ಪಾಲುಗಳ ಗೆರೆ ಎಳೆದದ್ದು ಒಂದೇ ಕಚೇರಿಯ ಪೆನ್ಸಿಲ್, ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಸರ್ಕಾರಿ ಭೂಮಿಯ ಕಮಿಷನರರದು. ನಕ್ಷೆಯಲ್ಲಿ ಒಂದು ತುಂಡಿಗೆ ನೋಟವೆಂದೂ ಇನ್ನೊಂದಕ್ಕೆ ಸೈನಿಕನೆಂದೂ ಬಣ್ಣ ಹಾಕಿದರು. ಮೂರನೆಯ ಕಡೆಯವರೊಬ್ಬರಿದ್ದರು, ಅವರನ್ನು ಕೇಳಲಿಲ್ಲ. ಸೈನಿಕನಿಗೆ ಮಣ್ಣು ಎಂಥದೆಂದು ಹೇಳಲಿಲ್ಲ. ಎರಡೂ ತಪ್ಪುಗಳು ಒಂದೇ ತೂಕದವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಸೇನೆಯಲ್ಲಿದ್ದವರು ಒಪ್ಪಲಿಕ್ಕಿಲ್ಲ, ಆದರೂ ಹೇಳಬೇಕಾದ್ದು.

ಆ ಸರ್ಕಾರ ಕೆಲವನ್ನು ತಿದ್ದಿಕೊಂಡಿತು. 1995ರಲ್ಲಿ ವೈಕಾಟೊ ಮುಟ್ಟುಗೋಲಿಗೆ ಕ್ಷಮೆ ಕೇಳುವ ಕಾಯ್ದೆಗೆ ಎಲಿಜಬೆತ್ ರಾಣಿ ಖುದ್ದಾಗಿ ಅಂಕಿತ ಹಾಕಿದರು. ವಾಂಗನೂಯಿ ಜನ ನದಿಯ ಒಡೆತನಕ್ಕೆ 1938ರಿಂದಲೇ ಕೋರ್ಟು ಹತ್ತಿದ್ದರು. 2017ರ ಕಾಯ್ದೆ ನದಿಯನ್ನೇ ಕಾನೂನಿನ ಕಣ್ಣಲ್ಲಿ ವ್ಯಕ್ತಿಯೆಂದು ಮಾನ್ಯ ಮಾಡಿತು, ಎಂಟು ಕೋಟಿ ಡಾಲರ್ ಪರಿಹಾರವನ್ನೂ ಕೊಟ್ಟಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಎಲ್ಲ ಕಡೆಯೂ ಒಂದೇ ಕಥೆಯಲ್ಲ. ನಿಮ್ಮ ಕೊಡಗಿನಲ್ಲೇ ಜಮ್ಮಾ ಇದೆಯಲ್ಲ. ಯುದ್ಧಕಾಲದ ಸೇವೆಗೆ ಪ್ರತಿಯಾಗಿ ಅರಸರ ಕಾಲದಲ್ಲಿ ಬಂದ ಆ ಭೂಮಿ ಒಬ್ಬ ಸಿಪಾಯಿಯ ಕೈಗೆ ಚೀಟಿಯೆತ್ತಿ ಬಂದದ್ದಲ್ಲ, ಒಕ್ಕದ್ದು, ಎಂದರೆ ಇಡೀ ಮನೆತನದ್ದು. ಕಂದಾಯ ಕಡಿಮೆಯಿತ್ತು, ಮಾರುವಂತಿರಲಿಲ್ಲ, ಬಾಣೆಯ ಕಾಡೂ ಗದ್ದೆಯ ಜೊತೆಗೇ ಬರುತ್ತಿತ್ತು. ಅದರಲ್ಲೂ ತಕರಾರುಗಳಿವೆ, ಆದರೆ ಅದು ಮಂಗಪುರುವಾದ ಹಾದಿ ಹಿಡಿಯಲಿಲ್ಲ.

ನಿಮ್ಮ ಅರ್ಜಿಯ ಜಾಗ 'ಸಿ ಆ್ಯಂಡ್ ಡಿ' ವರ್ಗದ್ದಾಗಿರಬಹುದೆಂದು ನನ್ನ ಗುಮಾನಿ. ಕೃಷಿಗೆ ಯೋಗ್ಯವಲ್ಲವೆಂದು ಕಾಗದದ ಮೇಲೆ ಅರಣ್ಯ ಇಲಾಖೆಗೆ ಹೋದ ಕಂದಾಯ ಜಾಗಗಳು ನಿಮ್ಮ ಜಿಲ್ಲೆಯಲ್ಲೂ ಹಾಸನದಲ್ಲೂ ಸಾಕಷ್ಟಿವೆ. ಬಾಯಿಮಾತಿನ 'ಅರಣ್ಯ'ವನ್ನು ಒಪ್ಪಬೇಡಿ. ಆ ಸರ್ವೆ ನಂಬರಿಗೆ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ನಿನ ಪ್ರಾಥಮಿಕ ಅಧಿಸೂಚನೆ ಮಾತ್ರ ಇದೆಯೇ, 17ನೇ ಸೆಕ್ಷನ್ನಿನ ಅಂತಿಮ ಅಧಿಸೂಚನೆಯೂ ಆಗಿದೆಯೇ, ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ನಡೆದಿದೆಯೇ ಎಂಬ ಮೂರನ್ನೂ ಮಾಹಿತಿ ಹಕ್ಕಿನಲ್ಲಿ ಲಿಖಿತವಾಗಿ ಕೇಳಿ. ಕಾಡು ನಿಜವಾಗಿಯೂ ಇದ್ದರೆ ಬೇರೆ ಸರ್ವೆ ನಂಬರಿಗೆ ಅರ್ಜಿ ಬದಲಿಸಿಕೊಡುವಂತೆ ಕೇಳುವುದೇ ಮೇಲು. ಉತ್ತರ ಬಂದರೆ ಒಂದು ನಕಲನ್ನು ನಮಗೂ ಕಳಿಸಿ, ಇದೇ ತೊಡಕಿನಲ್ಲಿರುವ ಇತರ ಓದುಗರಿಗೂ ಬೇಕಾಗುತ್ತದೆ.

— ಸಂಪಾದಕ