ಯಂತ್ರ ತಡೆದದ್ದು ಯಾಕೆ, ಮೇಳದ ಕೈಪಿಡಿಯಲ್ಲಿ ಮೊದಲು ಏನು ಓದಬೇಕು

ಬೆಂಗಳೂರಿನ ಪೀಣ್ಯದಿಂದ ಹೈದರಾಬಾದಿನ ಮೇಳಕ್ಕೆ ಕೊಟೇಶನ್ ಪ್ರತಿಯೊಂದಿಗೆ ಹೊರಟ ನಿಮ್ಮ ಯಂತ್ರವನ್ನು ದಾರಿಯಲ್ಲಿ ತಡೆದದ್ದು ಯಾಕೆ, ಆಯೋಜಕರ ಕೈಪಿಡಿಯಲ್ಲಿ ಮೊದಲು ಏನು ಓದಬೇಕು ಎಂದು ಕೇಳಿದ್ದೀರಿ. ತಡೆದದ್ದು ಬಹುಶಃ ಕಾಗದದ ಕಾರಣಕ್ಕೆ. ಕೊಟೇಶನ್ ಪ್ರತಿ ಸಾಲದು, ಡೆಲಿವರಿ ಚಲನ್ (ಬಿಲ್ ಬದಲು ಸರಕಿನೊಡನೆ ಹೋಗುವ ಕಾಗದ) ಬೇಕು. ಅಲ್ಲಿ ಮಾರುತ್ತೀರೋ, ಬರೀ ತೋರಿಸುತ್ತೀರೋ ನೀವು ಬರೆದಿಲ್ಲ. ಮೊದಲು ಅದನ್ನು ತೀರ್ಮಾನಿಸಿ.

ತೋರಿಸುವುದಷ್ಟೇ ಆದರೆ, ಕ್ರಮಸಂಖ್ಯೆಯಿರುವ ಚಲನ್ ಮೂರು ಪ್ರತಿ ಮಾಡಿ. ಯಂತ್ರದ ವಿವರ, ಮೌಲ್ಯ, ‘ಪ್ರದರ್ಶನಕ್ಕೆ, ಮಾರಾಟಕ್ಕಲ್ಲ’ ಎಂಬ ಮಾತು ಅದರಲ್ಲಿರಲಿ. ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿಯ ಆನ್‌ಲೈನ್ ಪತ್ರ) ಕಡ್ಡಾಯ; ಅದರಲ್ಲಿ ಎಕ್ಸಿಬಿಷನ್ ಎಂಬ ಆಯ್ಕೆಯೇ ಇದೆ. ವಾಪಸು ತರುವಾಗ ಮತ್ತೊಂದು ಇ-ವೇ ಬಿಲ್ ಬೇಕು. ಮೇಳ ಮುಗಿದ ರಾತ್ರಿಯ ಗಡಿಬಿಡಿಯಲ್ಲಿ ನಾನೂ ಇದನ್ನೇ ಮರೆತು ಒಂದು ದಿನ ಲಾರಿ ನಿಲ್ಲಿಸಿಕೊಂಡಿದ್ದೆ. ದಯವಿಟ್ಟು ಹೊರಡುವ ಮೊದಲೇ ವಾಪಸಿನ ಬಿಲ್‌ಗೆ ಬೇಕಾದ ವಿವರ ಬರೆದಿಟ್ಟುಕೊಳ್ಳಿ.

ಸ್ಥಳದಲ್ಲೇ ಮಾರುವುದಾದರೆ ತೆಲಂಗಾಣದಲ್ಲಿ ಕ್ಯಾಶುಯಲ್ ಟ್ಯಾಕ್ಸಬಲ್ ಪರ್ಸನ್ (ಖಾಯಂ ನೆಲೆಯಿಲ್ಲದ ರಾಜ್ಯದಲ್ಲಿ ತಾತ್ಕಾಲಿಕವಾಗಿ ಮಾರುವವರು) ಆಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ವ್ಯಾಪಾರ ಶುರುವಾಗುವ ಕನಿಷ್ಠ 5 ದಿನ ಮೊದಲು ಅರ್ಜಿ, ಅಂದಾಜು ತೆರಿಗೆ ಮುಂಗಡ. ನೋಂದಣಿ ಗರಿಷ್ಠ 90 ದಿನ, ಬೇಕಾದರೆ ವಿಸ್ತರಿಸಬಹುದು. ಸ್ಟಾಲ್ ಹಂಚಿಕೆ ಪತ್ರವನ್ನು ಆಯೋಜಕರಿಂದ ಈಗಲೇ ಕೇಳಿ ಪಡೆಯಿರಿ, ಅರ್ಜಿಗೆ ಅದು ಬೇಕಾಗುತ್ತದೆ. ಆರ್ಡರ್ ಮಾತ್ರ ಪಡೆದು ಬೆಂಗಳೂರಿನಿಂದ ಬಿಲ್ ಮಾಡಿ ಕಳಿಸುವುದಾದರೆ ಈ ನೋಂದಣಿ ಬೇಡ. ನಿಮ್ಮ ಯಂತ್ರಕ್ಕೆ ಅದೇ ಸರಳ ಅನಿಸುತ್ತದೆ.

ಕೈಪಿಡಿಯಲ್ಲಿ ಮೊದಲು ಕೊನೆಯ ದಿನಾಂಕಗಳ ಪುಟ ಓದಿ. ಆಮೇಲೆ ತ್ರೀ-ಫೇಸ್ ವಿದ್ಯುತ್ತಿನ ಅರ್ಜಿ, ನೆಲ ತಡೆಯುವ ಭಾರ, ಫೋರ್ಕ್‌ಲಿಫ್ಟ್ ಹೊರಗಿನಿಂದ ತರಬಹುದೇ ಎಂಬುದು. ಯಂತ್ರದ ತೂಕ, ಕಿಲೋವ್ಯಾಟ್ ಎರಡನ್ನೂ ಇವತ್ತೇ ಆಯೋಜಕರಿಗೆ ಇ-ಮೇಲ್ ಮಾಡಿ, ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.