ಎಲ್ಲವೂ ಹಸಿರಾಗಿದ್ದ ಸಭೆ

ತೀರ್ಥಹಳ್ಳಿಯ ನಿವೃತ್ತ ಮೇಷ್ಟರೊಬ್ಬರು ನಮ್ಮ ಪತ್ರಿಕೆಗೆ ಬರೆದಿದ್ದಾರೆ: "ನಿಸ್ಸಾನ್ ಕಾರು ಕಂಪನಿ 2025ರ ಏಪ್ರಿಲ್‌ನಲ್ಲಿ ಮತ್ತೆ ಮುಖ್ಯಸ್ಥರನ್ನು ಬದಲಿಸಿತು. ಈಗ ಒಟ್ಟು 20,000 ಮಂದಿಯ ಕೆಲಸ ಹೋಗುತ್ತದಂತೆ, 17 ಕಾರ್ಖಾನೆಗಳು 10ಕ್ಕೆ ಇಳಿಯುತ್ತವಂತೆ. ಪೂಜಾರಿ ಬದಲಾದರೆ ದೇವರು ಬದಲಾಗುತ್ತಾನೆಯೇ?"

ಮೇಷ್ಟ್ರೇ, ಅರ್ಧ ಒಪ್ಪಿದೆ. ಸಾಲವನ್ನೂ ಮಾರುಕಟ್ಟೆಯನ್ನೂ ಯಾವ ಹೊಸಬನೂ ರಾತ್ರೋರಾತ್ರಿ ಸರಿಪಡಿಸಲಾರ. 1999ರಲ್ಲಿ ಬಂದು ಅದೇ ನಿಸ್ಸಾನನ್ನು ಎತ್ತಿ ನಿಲ್ಲಿಸಿದ ಕಾರ್ಲೋಸ್ ಘೋನ್ 2018ರಲ್ಲಿ ಬಂಧನಕ್ಕೊಳಗಾದರು, ಮರುವರ್ಷ ಪೆಟ್ಟಿಗೆಯೊಳಗೆ ಅಡಗಿ ಜಪಾನಿನಿಂದ ಪರಾರಿಯಾದರು.

ಆದರೆ ಪೂಜಾರಿ ಬದಲಾದರೆ ನೈವೇದ್ಯದ ರುಚಿಯಂತೂ ಬದಲಾಗುತ್ತದೆ. 2006ರಲ್ಲಿ ಬೋಯಿಂಗ್ ವಿಮಾನ ಕಂಪನಿಯಿಂದ ಫೋರ್ಡ್ ಕಾರು ಕಂಪನಿಗೆ ಮುಖ್ಯಸ್ಥರಾಗಿ ಅಲನ್ ಮುಲ್ಲಾಲಿ ಬಂದರು. ಆ ವರ್ಷದ ನಷ್ಟ 12 ಬಿಲಿಯನ್ ಡಾಲರಿಗೂ ಮೇಲು. ವಾರದ ಸಭೆಗೆ ಅಧಿಕಾರಿಗಳು ತಮ್ಮ ತಮ್ಮ ಕೆಲಸಕ್ಕೆ ಬಣ್ಣ ಹಚ್ಚಿ ತರಬೇಕಿತ್ತು: ಸರಿಯಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಕಂಪನಿ ಮುಳುಗುತ್ತಿದೆ, ಹಾಳೆಗಳೆಲ್ಲ ಹಸಿರು! ಕೊನೆಗೆ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ ಹೊಸ ಕಾರೊಂದರ ದೋಷಕ್ಕೆ ಕೆಂಪು ಹಚ್ಚಿ ತಂದರು. ಈತನ ಕಥೆ ಮುಗಿಯಿತು ಎಂದು ಉಳಿದವರು ಕಾದರು. ಮುಲ್ಲಾಲಿ ಚಪ್ಪಾಳೆ ತಟ್ಟಿದರು. 2009ರಲ್ಲಿ ಅದರ ಪ್ರತಿಸ್ಪರ್ಧಿಗಳಾದ ಜನರಲ್ ಮೋಟರ್ಸ್, ಕ್ರೈಸ್ಲರ್ ಎರಡೂ ದಿವಾಳಿಯಾದವು, ಫೋರ್ಡ್ ಉಳಿಯಿತು. ಲಾಂಛನವನ್ನೂ ಅಡವಿಟ್ಟು ಎತ್ತಿದ್ದ ಸಾಲ ಅದಕ್ಕೆ ಒದಗಿತು, ನಿಜ. ನನಗೆ ಮಾತ್ರ ಆ ಚಪ್ಪಾಳೆಯೇ ದೊಡ್ಡದು.

ಏಕೆಂದರೆ ನಾನು ತಟ್ಟದವನು. ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಅಚ್ಚುಯಂತ್ರದ ಕಾಲದಲ್ಲಿ ನಮ್ಮ ಅಚ್ಚುಕೂಟದ ಹಿರಿಯ ಕೆಲಸಗಾರ "ರೋಲರ್ ಸವೆದಿದೆ ಸ್ವಾಮಿ" ಎಂದಾಗ, ದೀಪಾವಳಿ ಸಂಚಿಕೆಯ ಆತುರದಲ್ಲಿ ಗದರಿದೆ. ಆತ ಮತ್ತೆ ಬಾಯಿ ಬಿಡಲಿಲ್ಲ. ಪುಟಪುಟದ ಎಡ ಅಂಚಿಗೂ ಶಾಯಿ ಹತ್ತದೆ, ಅಕ್ಷರಗಳು ಆಷಾಢದ ಮಳೆಯಲ್ಲಿ ನೆನೆದಂತೆ ಮಂಕಾಗಿ ಬಂದವು. ಓದುಗರು ತಮ್ಮ ಕನ್ನಡಕ ಒರೆಸಿಕೊಂಡರಂತೆ.

ನಮ್ಮ ಮಲೆನಾಡಿನ ಸಭೆಗಳನ್ನು ನೀವೂ ಕಂಡವರು. ಅಡಿಕೆ ತೋಟದಲ್ಲಿ ಎಲೆಚುಕ್ಕಿ ರೋಗ ಸೋಗೆ ಸೋಗೆಯನ್ನೂ ಒಣಗಿಸುತ್ತಿರುತ್ತದೆ, ವರದಿಯಲ್ಲಿ ಅದು 'ಹತೋಟಿಯಲ್ಲಿ' ಇರುತ್ತದೆ. ಹಳ್ಳ ದಾಟುವ ಕಾಲುಸಂಕ ಕೊಚ್ಚಿಹೋಗಿ ಮಕ್ಕಳು ಶಾಲೆ ತಪ್ಪಿಸಿಕೊಂಡಿರುತ್ತಾರೆ, ಕಾಮಗಾರಿ 'ಪ್ರಗತಿಯಲ್ಲಿ' ಇರುತ್ತದೆ. ಎದ್ದು ಇಲ್ಲ ಎಂದವನಿಗೆ ತಕರಾರಿನವನು ಎಂಬ ಬಿರುದು. ಹೊರದೇಶದವರ ಕಥೆ ಬೇಡ ಎನ್ನುತ್ತೀರಾದರೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ 1923ರಲ್ಲಿ ಅಧ್ಯಕ್ಷಗಿರಿ ಹೊತ್ತ ವಿಶ್ವೇಶ್ವರಯ್ಯನವರೂ ಅಣೆಕಟ್ಟು, ನೀರಾವರಿಯಿಂದ ಬಂದವರೇ ಹೊರತು ಕುಲುಮೆಯಿಂದಲ್ಲ. ಹಾಗಾಗಿ ನಿಸ್ಸಾನಿನ ಹೊಸ ಮುಖ್ಯಸ್ಥ ಇವಾನ್ ಎಸ್ಪಿನೋಸಾ ಒಳಗಿನವರೋ ಹೊರಗಿನವರೋ ಎಂದು ನಾನು ಕೇಳುವುದಿಲ್ಲ. ಅವರ ಮೇಜಿನ ಮೇಲೆ ಕೆಂಪು ಹಾಳೆ ಇಡುವ ಧೈರ್ಯ ಯಾರಿಗಿದೆ ಎಂದು ಕೇಳುತ್ತೇನೆ.

ನಿಮಗಂತೂ ಇದೆ. ಪತ್ರದ ಹಿಂಬದಿಯಲ್ಲಿ ಕಳೆದ ಸಂಚಿಕೆಯ ಒಂಬತ್ತು ಅಚ್ಚಿನ ತಪ್ಪುಗಳನ್ನು ಕೆಂಪು ಶಾಯಿಯಲ್ಲೇ ಪಟ್ಟಿ ಮಾಡಿದ್ದೀರಿ. ಐದು ನನ್ನ ಸಂಪಾದಕೀಯದವು. ಹಾಳೆಯನ್ನು ಅಚ್ಚುಕೂಟದ ಗೋಡೆಗೆ ಅಂಟಿಸಿದ್ದೇನೆ. ಆದರೆ 'ಶಿವಮೊಗ್ಗೆ' ತಪ್ಪಲ್ಲ, ಮೇಷ್ಟ್ರೇ. ಆ ಜಗಳಕ್ಕೆ ಒಮ್ಮೆ ನೀವೇ ಬರಬೇಕು.