ಸಾಲ ಕೊಟ್ಟರೆ ಸಂಸಾರ ಚಿಕ್ಕದಾಗುತ್ತಾ?

ಪ್ರಶ್ನೆ: ನಾನು ಮಹಿಳಾ ಸಂಘವೊಂದರ ಲೆಕ್ಕ ಬರೆಯುತ್ತೇನೆ. ಹೆಂಗಸರ ಕೈಗೆ ಸಾಲ ಸಿಕ್ಕರೆ ಮಕ್ಕಳ ಸಂಖ್ಯೆ ತಾನಾಗಿ ಇಳಿಯುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ನಮ್ಮ ಸಂಘದಲ್ಲಿ ನನಗೇನೂ ಹಾಗೆ ಕಾಣಲಿಲ್ಲ. ನಿಜ ಏನು?

ಉತ್ತರ: ನೀವು ಕಂಡದ್ದೇ ಸರಿ ಇರಬಹುದು. ಈ ಮಾತಿಗೆ ಬಲ ಬಂದದ್ದು ಬಾಂಗ್ಲಾದೇಶದಿಂದ. ಬಡ ಹೆಂಗಸರಿಗೆ ಸಣ್ಣ ಸಾಲ ಕೊಡುವ ಅಲ್ಲಿನ 'ಗ್ರಾಮೀಣ ಬ್ಯಾಂಕ್' ಎಂಬ ಸಂಸ್ಥೆಯ ಸದಸ್ಯೆಯರು 16 ನಿರ್ಧಾರಗಳನ್ನು ಒಪ್ಪಿಕೊಳ್ಳಬೇಕಿತ್ತು. ಸಂಸಾರ ಚಿಕ್ಕದಾಗಿ ಇಟ್ಟುಕೊಳ್ಳುತ್ತೇವೆ ಎನ್ನುವುದೂ ಅದರಲ್ಲೊಂದು. ಸಾಲ ಪಡೆದವರಲ್ಲಿ ಗರ್ಭನಿರೋಧಕ ಬಳಸುವವರು ಜಾಸ್ತಿ ಎಂದು 1990ರ ದಶಕದಲ್ಲಿ ಕೆಲವು ಅಧ್ಯಯನಗಳು ಹೇಳಿದವು. ಆದರೆ ವಾರವಾರ ಮನೆ ಬಿಟ್ಟು ಸಭೆಗೆ ಬರುವ ಹೆಂಗಸು ಮೊದಲೇ ಸ್ವಲ್ಪ ಗಟ್ಟಿಗಿತ್ತಿ ಅಲ್ವಾ? ಅದರ ಮೇಲೆ, ಅದೇ ಕಾಲಕ್ಕೆ ಅಲ್ಲಿ ಸರ್ಕಾರದ ಕಾರ್ಯಕರ್ತೆಯರು ಗುಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಹೆಸರು ಮಾತ್ರ ಸಾಲಕ್ಕೆ ಬಂತು.

ಇಥಿಯೋಪಿಯಾದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು, 2003ರಿಂದ 2006ರವರೆಗೆ. ಚೀಟಿ ಎತ್ತಿದ ಹಾಗೆ ಊರುಗಳನ್ನು ಆರಿಸಿ ಕೆಲವಕ್ಕೆ ಸಾಲ, ಕೆಲವಕ್ಕೆ ಕುಟುಂಬ ಯೋಜನೆ, ಕೆಲವಕ್ಕೆ ಎರಡೂ ಕೊಟ್ಟರು. ಉಳಿದವಕ್ಕೆ ಏನೂ ಇಲ್ಲ. ಗರ್ಭನಿರೋಧಕ ಬಳಕೆ ಈ ಯೋಜನೆಗಳಿಂದ ಹೆಚ್ಚಲಿಲ್ಲ, ಎರಡೂ ಕೊಟ್ಟ ಕಡೆಯೂ ಅಷ್ಟೇ. ಸಂಶೋಧಕರು ಊಹಿಸಿದ ಕಾರಣ ಸರಳ. ಹೆಂಗಸರಿಗೆ ಬೇಕಿದ್ದದ್ದು ಇಂಜೆಕ್ಷನ್, ಮನೆಗೆ ಬಂದದ್ದು ಗುಳಿಗೆ ಮತ್ತು ಕಾಂಡೋಮ್!

ಹೈದರಾಬಾದಿನ 104 ಬಡಾವಣೆಗಳಲ್ಲಿ ನಡೆದ ಅಧ್ಯಯನವೂ ಹತ್ತಿರದ ಮಾತನ್ನೇ ಹೇಳುತ್ತದೆ. ಸಾಲದಿಂದ ಸಣ್ಣಪುಟ್ಟ ವ್ಯಾಪಾರ ಸ್ವಲ್ಪ ಬೆಳೆಯಿತು. ಮನೆಯಲ್ಲಿ ಹೆಂಗಸಿನ ಮಾತಿಗೆ ತೂಕವೇನೂ ಹೆಚ್ಚಲಿಲ್ಲ.

ಹಾಗಂತ ಸಂಘ ಸುಮ್ನೆ ಕೂರಬೇಕಿಲ್ಲ. ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆಯಿರಿ. ಗುಳಿಗೆ, ನಿರೋಧ್ ಅವರ ಬಳಿ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ 'ಅಂತರಾ' ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅದರಿಂದ ಮುಟ್ಟು ಏರುಪೇರಾಗಬಹುದು. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಹೆದರಿ ಎರಡನೇ ಡೋಸಿಗೆ ಬರುವುದೇ ಇಲ್ಲ. ಯಾರಿಗೆ ಯಾವುದು ಹೊಂದುತ್ತದೆ ಎಂದು ವೈದ್ಯರೇ ನೋಡಿ ಹೇಳಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಖಡಕ್ಕು. ಆಪರೇಷನ್ ಮಾಡಿಸಿಕೊಂಡವರಿಗೆ ಸಾಲ ಮೊದಲು ಎಂಬಂಥ ನಿಯಮ ಎಂದಿಗೂ ಬೇಡ. ಮತ್ತೆ, ಈ ಮಾತುಕತೆಯನ್ನು ಕಂತು ಕಟ್ಟುವ ದಿನ ಇಟ್ಟುಕೊಳ್ಳಬೇಡಿ. ಅವತ್ತು ಎಲ್ಲರ ತಲೆಯಲ್ಲೂ ದುಡ್ಡಿನ ಲೆಕ್ಕವೇ ಓಡುತ್ತಿರುತ್ತದೆ.